ಅಜ್ಜನ ಲೆಕ್ಕದ ಪುಸ್ತಕದ ಮಣ ಎಷ್ಟು ಕೆಜಿ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಹಳೇ ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲೆ ಅಜ್ಜನ ಲೆಕ್ಕದ ಪುಸ್ತಕಗಳು ಸಿಕ್ಕಿವೆ. 1938ರಿಂದ 1961ರವರೆಗಿನವು. ಒಂದು ಕಡೆ 'ಕಾಳುಮೆಣಸು 6 ಮಣ 14 ಸೇರು' ಎಂದಿದೆ. ಇನ್ನೊಂದು ಕಡೆ 'ಕಾಫಿ 18-2-10'. ಗೇಣಿ ಭತ್ತ 12 ಖಂಡುಗ. ಸೋದರತ್ತೆಯ ಮದುವೆಗೆ ಹಾಕಿದ ಚಿನ್ನ 12 ತೊಲ 4 ಮಾಷ. ಮೊಬೈಲಿನಲ್ಲಿ ನೋಡಿದರೆ 1 ಮಣ ಅಂದರೆ 37.32 ಕೆಜಿ ಎಂದು ಬರುತ್ತದೆ. ಆ ಪ್ರಕಾರ ಮೆಣಸು 237 ಕೆಜಿ ಆಗುತ್ತದೆ. ಆಗ ನಮಗಿದ್ದ ತೋಟದಲ್ಲಿ ಅಷ್ಟು ಮೆಣಸು ಆಗುತ್ತಲೇ ಇರಲಿಲ್ಲ ಎನ್ನುತ್ತಾರೆ ನಮ್ಮ ತಂದೆ. ಇದನ್ನೆಲ್ಲ ಸರಿಯಾಗಿ ಕೆಜಿಗೆ ತರುವುದು ಹೇಗೆ?

ಉತ್ತರ: ನಿಮ್ಮ ತಂದೆಯವರ ಅನುಮಾನ ಸರಿಯಾಗಿದೆ. ಆ ಮೆಣಸು 237 ಕೆಜಿ ಇರಲಾರದು. ಹೆಚ್ಚುಕಡಿಮೆ 71 ಕೆಜಿ ಇದ್ದಿರಬೇಕು. ಮೊಬೈಲ್ ಗುಣಾಕಾರದಲ್ಲಿ ತಪ್ಪಿಲ್ಲ. ಅದು ಹಿಡಿದ ಮಣ ಬೇರೆ, ನಿಮ್ಮ ಅಜ್ಜ ತೂಗಿದ ಮಣ ಬೇರೆ, ಅಷ್ಟೆ.

ಮೊಬೈಲಿನಲ್ಲಿ ಸಿಗುವ 37.32 ಕೆಜಿಯ ಮಣ ಉತ್ತರ ಭಾರತದಲ್ಲಿ ಚಾಲ್ತಿಯಲ್ಲಿದ್ದದ್ದು. ಬ್ರಿಟಿಷ್ ಸರ್ಕಾರ ಅದನ್ನೇ ಒಪ್ಪಿಕೊಂಡಿತು, ರೈಲ್ವೆಯೂ ಅದರಲ್ಲೇ ಬಾಡಿಗೆ ಕಟ್ಟಿಸಿಕೊಂಡಿತು. ಹಾಗಾಗಿ ನಮ್ಮ ಕಡೆ ಅದಕ್ಕೆ ರೈಲ್ವೆ ಮಣ ಎಂದೇ ಹೆಸರು. ಮೈಸೂರು ಸಂಸ್ಥಾನದ ಊರುಗಳಲ್ಲಿ ಮೆಣಸು, ಬೆಲ್ಲ, ಹುಣಸೆ, ಅಡಿಕೆ ತೂಗುತ್ತಿದ್ದದ್ದು ಕಚ್ಚಾ ಸೇರಿನ ಮಣದಲ್ಲಿ. ಎರಡೂ ಮಣಕ್ಕೆ 40 ಸೇರೇ. ಆದರೆ ರೈಲ್ವೆ ಸೇರಿನಲ್ಲಿ 80 ತೊಲ, ನಮ್ಮ ಕಚ್ಚಾ ಸೇರಿನಲ್ಲಿ 24 ತೊಲ. ಒಂದರ ಜಾಗದಲ್ಲಿ ಇನ್ನೊಂದನ್ನು ಹಿಡಿದರೆ ಉತ್ತರ ಮೂರು ಪಟ್ಟಿಗೂ ಮೇಲೆ ಏರುತ್ತದೆ. ನಿಮಗೆ ಆಗಿರುವುದು ಇದೇ.

ಆದ್ದರಿಂದ ಹಳೆಯ ತೂಕವನ್ನು ಕೆಜಿಗೆ ತರುವಾಗ ಮಣವನ್ನೂ ನಂಬಬೇಡಿ, ಸೇರನ್ನೂ ನಂಬಬೇಡಿ. ಮೊದಲು ತೊಲಕ್ಕೆ ಇಳಿಸಿ, ತೊಲದಿಂದ ಗ್ರಾಂಗೆ ಬನ್ನಿ. ಊರೂರಿಗೆ, ಸರಕು ಸರಕಿಗೆ ಸೇರು ಬದಲಾಗುತ್ತಿತ್ತು, ಮಣ ಬದಲಾಗುತ್ತಿತ್ತು. 1833ರ ನಂತರ ಬದಲಾಗದೆ ಉಳಿದದ್ದು ತೊಲ ಒಂದೇ. ಆ ವರ್ಷ ಕಂಪನಿ ಸರ್ಕಾರ ತೊಲವನ್ನು 180 ಗ್ರೇನ್ ಎಂದು ಗೊತ್ತು ಮಾಡಿತು. ಈಗಿನ ಲೆಕ್ಕದಲ್ಲಿ ಅದು 11.6638 ಗ್ರಾಂ. 1835ರಿಂದ ಟಂಕಿಸಿದ ಬೆಳ್ಳಿ ರೂಪಾಯಿಯ ತೂಕವೂ ಸರಿಯಾಗಿ ಅಷ್ಟೇ. ಹಾಗಾಗಿ ಹಳೆಯ ಬರಹಗಳಲ್ಲಿ 'ರೂಪಾಯಿ ತೂಕ' ಎಂದು ಕಂಡರೆ ಅದನ್ನು ತೊಲ ಎಂದೇ ಓದಿಕೊಳ್ಳಬಹುದು.

ಬಾಯಿಲೆಕ್ಕಕ್ಕೆ ಒಂದು ಸೂತ್ರ ಕೊಡುತ್ತೇನೆ, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು: 6 ತೊಲಕ್ಕೆ 70 ಗ್ರಾಂ. ಕರಾರುವಾಕ್ಕಾಗಿ ಹೇಳಿದರೆ 69.98 ಗ್ರಾಂ. ವ್ಯತ್ಯಾಸ ಒಂದು ಕೆಜಿಗೆ ಕಾಲು ಗ್ರಾಮಿನಷ್ಟೂ ಇಲ್ಲ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಕಚ್ಚಾ ಸೇರಿಗೆ 24 ತೊಲ, ಅಂದರೆ ನಾಲ್ಕು ಎಪ್ಪತ್ತು, 280 ಗ್ರಾಂ. ಅದರ ಕಾಲು ಭಾಗ, ಪಾವುಸೇರು, 70 ಗ್ರಾಂ. 25 ಕಚ್ಚಾ ಸೇರಿಗೆ 7 ಕೆಜಿ. ಕಚ್ಚಾ ಮಣ 11.2 ಕೆಜಿ, ಹಾಗಾಗಿ 5 ಮಣಕ್ಕೆ 56 ಕೆಜಿ. ರೈಲ್ವೆ ಸೇರು 933 ಗ್ರಾಂ. 15 ಸೇರಿಗೆ 14 ಕೆಜಿ. 3 ರೈಲ್ವೆ ಮಣಕ್ಕೆ 112 ಕೆಜಿ. ಸಂತೆಯಲ್ಲಿ ನಿಂತು ಲೆಕ್ಕ ಹಾಕುವುದಕ್ಕೂ, ಮನೆಯಲ್ಲಿ ಕೂತು ಪುಸ್ತಕ ಓದುವುದಕ್ಕೂ ಇಷ್ಟು ಸಾಲುತ್ತದೆ. ದೊಡ್ಡ ಮೊತ್ತಕ್ಕೆ ಮಾತ್ರ ಪೂರ್ತಿ ಅಂಕಿಯನ್ನೇ ಹಿಡಿಯಿರಿ: ಕಚ್ಚಾ ಮಣಕ್ಕೆ 11.1973 ಕೆಜಿ, ರೈಲ್ವೆ ಮಣಕ್ಕೆ 37.3242 ಕೆಜಿ.

ನಿಮ್ಮ ಮೆಣಸನ್ನು ಈಗ ಈ ದಾರಿಯಲ್ಲಿ ತರೋಣ. 6 ಮಣಕ್ಕೆ 240 ಸೇರು, ಮೇಲೆ 14, ಒಟ್ಟು 254 ಸೇರು. ಸೇರಿಗೆ 24 ತೊಲದಂತೆ 6,096 ತೊಲ. 11.6638ರಿಂದ ಗುಣಿಸಿದರೆ 71,102 ಗ್ರಾಂ, ಅಂದರೆ 71.1 ಕೆಜಿ. ಬಾಯಿಲೆಕ್ಕದಲ್ಲಿ 6,096ನ್ನು 6ರಿಂದ ಭಾಗಿಸಿದರೆ 1,016, ಅದನ್ನು 70ರಿಂದ ಗುಣಿಸಿದರೆ 71,120 ಗ್ರಾಂ. ಹದಿನೆಂಟು ಗ್ರಾಂ ಆಚೀಚೆ, ಒಂದು ಹಿಡಿ ಮೆಣಸೂ ಅಲ್ಲ.

'ನಮ್ಮ ಅಜ್ಜ ಹಿಡಿದದ್ದು ಕಚ್ಚಾ ಮಣವೇ ಎಂದು ಹೇಗೆ ನಂಬುವುದು?' ಎಂದು ನೀವು ಕೇಳಬೇಕು, ಕೇಳಲೇಬೇಕು. ನಾನು ಇಲ್ಲಿ ಕೂತು 24 ತೊಲ ಎಂದು ಹೇಳುತ್ತಿರುವುದು ಹಳೇ ಮೈಸೂರಿನ ರೂಢಿಯ ಆಧಾರದ ಮೇಲೆ. ನಿಮ್ಮ ಪುಸ್ತಕವೇ ಅದಕ್ಕೆ ಸಾಕ್ಷಿ ಹೇಳಿದರೆ ಇನ್ನೂ ಗಟ್ಟಿ. ಆ ಸಾಕ್ಷಿಯನ್ನು ಹುಡುಕುವುದೇ ಈ ಕೆಲಸದ ಮುಖ್ಯ ಭಾಗ. ಗುಣಾಕಾರಕ್ಕೆ ಐದು ನಿಮಿಷ ಸಾಕು, ಇದಕ್ಕೆ ತಾಳ್ಮೆ ಬೇಕು.

ಮೊದಲು ಅಟ್ಟವನ್ನೇ ಇನ್ನೊಮ್ಮೆ ಹುಡುಕಿ. ಲೆಕ್ಕದ ಪುಸ್ತಕ ಉಳಿದ ಮನೆಯಲ್ಲಿ ತಕ್ಕಡಿಯೋ ತೂಕದ ಕಲ್ಲೋ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಕಬ್ಬಿಣದ ಕಲ್ಲು ಸಿಕ್ಕಿದರೆ ತುಕ್ಕನ್ನು ಉಜ್ಜಿ ತೆಗೆಯಬೇಡಿ, ಬಟ್ಟೆಯಲ್ಲಿ ಒರೆಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಡಿ. 280 ಗ್ರಾಂ ಹತ್ತಿರ ಬಂದರೆ ಅದು ಕಚ್ಚಾ ಸೇರು. 930 ಗ್ರಾಂ ಹತ್ತಿರ ಬಂದರೆ ರೈಲ್ವೆ ಸೇರು. 450 ಗ್ರಾಂ ಚಿಲ್ಲರೆ ಬಂದರೆ ಅದು ರಾತ್ಲಿನ, ಅಂದರೆ ಇಂಗ್ಲಿಷ್ ಪೌಂಡಿನ, ಕಲ್ಲು. ತುಕ್ಕು, ಸವೆತದಿಂದ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಆಗಬಹುದು. ಆದರೆ 280ಕ್ಕೂ 930ಕ್ಕೂ ಇರುವ ಅಂತರವನ್ನು ಯಾವ ತುಕ್ಕೂ ಮುಚ್ಚಲಾರದು. ಮನೆಯಲ್ಲಿ ದೇವರ ಪೆಟ್ಟಿಗೆಯಲ್ಲಿ ರಾಣಿ ರೂಪಾಯಿ, ಜಾರ್ಜ್ ರೂಪಾಯಿ ಇದ್ದರೆ ಅದೂ ಒಂದು ಅಳತೆಗೋಲು. 24 ರೂಪಾಯಿ ಒಂದು ತಟ್ಟೆಗೆ, ಕಲ್ಲು ಇನ್ನೊಂದು ತಟ್ಟೆಗೆ ಹಾಕಿ ನೋಡಿ. ಚಲಾವಣೆಯಲ್ಲಿ ಸವೆದ ನಾಣ್ಯ ಸ್ವಲ್ಪ ಹಗುರ ಇರುತ್ತದೆ, ಅಷ್ಟನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ.

ಎರಡನೆಯದು, ಪುಸ್ತಕದ ಕೂಡುಲೆಕ್ಕ. ಒಂದು ಪುಟದಲ್ಲಿ '2 ಮಣ 30 ಸೇರು, 3 ಮಣ 24 ಸೇರು, ಒಟ್ಟು 6 ಮಣ 14 ಸೇರು' ಎಂದಿದ್ದರೆ ಅಲ್ಲಿ ದಶಕ ಏರಿರುವುದು 40ಕ್ಕೆ. 54ರಲ್ಲಿ 40 ಕಳೆದು 14 ಉಳಿಸಿದ್ದಾರೆ. ಅದೇ ಮೊತ್ತ '6 ಮಣ 10 ಸೇರು' ಎಂದು ಬಂದಿದ್ದರೆ ಅಲ್ಲಿ 44 ಸೇರಿಗೆ ಒಂದು ಮಣ. ಹಿಂದೆ ಸರಕಿಗೆ ತಕ್ಕಂತೆ 40ಕ್ಕಿಂತ ಹೆಚ್ಚು ಸೇರನ್ನು ಮಣಕ್ಕೆ ಹಿಡಿಯುವ ಪದ್ಧತಿ ಇತ್ತು. ಇದನ್ನು ಯಾರೂ ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ವಿಷಯ. ಕೂಡುಲೆಕ್ಕದಲ್ಲಿ ಮಾತ್ರ ಅದು ತಾನಾಗಿ ಬಯಲಾಗುತ್ತದೆ. ಆದ್ದರಿಂದ ಮೆಣಸಿಗೆ ಒಂದು, ಬೆಲ್ಲಕ್ಕೆ ಒಂದು ಎಂದು ಸರಕು ಸರಕಿಗೂ ಕನಿಷ್ಠ ಒಂದು ಕೂಡುಲೆಕ್ಕವನ್ನು ಪರೀಕ್ಷಿಸಿ.

ಮೂರನೆಯದು ರೈಲ್ವೆ ರಸೀದಿ. ಮಲೆನಾಡಿನ ಸರಕು ಬೆಂಗಳೂರು ಕಡೆಗೋ ಹುಬ್ಬಳ್ಳಿ ಕಡೆಗೋ ಹೋಗುವುದಾದರೆ ಅರಸೀಕೆರೆ, ಕಡೂರು, ಬೀರೂರಿನಂಥ ಸ್ಟೇಷನ್ನುಗಳಲ್ಲಿ ರೈಲಿಗೆ ಏರುತ್ತಿತ್ತು. ಪುಸ್ತಕದ ಹಾಳೆಗಳ ನಡುವೆ ಇಂಥ ರಸೀದಿ ಸಿಕ್ಕಿಹಾಕಿಕೊಂಡಿದ್ದರೆ ನಿಮ್ಮ ಅದೃಷ್ಟ. ನಿಮ್ಮ ಅಜ್ಜನ 6 ಮಣ 14 ಸೇರು ಮೆಣಸು ರೈಲ್ವೆ ತೂಕದಲ್ಲಿ 1 ಮಣ 36 ಸೇರು ಆಗುತ್ತದೆ. ಚೀಲದ ತೂಕ ಸೇರಿ ಸ್ವಲ್ಪ ಹೆಚ್ಚೇ ಕಾಣಬಹುದು. ಮನೆಯ ಪುಸ್ತಕದಲ್ಲಿ ಆರು ಮಣ, ರಸೀದಿಯಲ್ಲಿ ಎರಡು ಮಣಕ್ಕಿಂತ ಕಡಿಮೆ ಎಂದು ಕಂಡಾಗ ದಾರಿಯಲ್ಲಿ ಯಾರೋ ಕದ್ದರು ಎಂದು ತೀರ್ಮಾನಿಸಿಬಿಡುವವರಿದ್ದಾರೆ. ಕದ್ದಿಲ್ಲ. ಒಂದೇ ಚೀಲ, ಎರಡು ಮಣ.

ಮೂಡಿಗೆರೆಯವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನಿಮ್ಮದು ಘಟ್ಟದ ಅಂಚು. ಚಾರ್ಮಾಡಿ ಇಳಿದರೆ ಕರಾವಳಿ. 1956ರ ನವೆಂಬರ್ 1ರವರೆಗೆ ಘಟ್ಟದ ಮೇಲೆ ಮೈಸೂರು, ಘಟ್ಟದ ಕೆಳಗೆ ಮದರಾಸು. ಆಳ್ವಿಕೆ ಬೇರೆ, ಹಾಗಾಗಿ ತೂಕವೂ ಬೇರೆ. ಮದರಾಸಿನ ವ್ಯಾಪಾರದ ಮಣ 25 ರಾತ್ಲು, ಅಂದರೆ 11.34 ಕೆಜಿ. ಕರಾವಳಿಯ ವ್ಯಾಪಾರದಲ್ಲಿ 28 ರಾತ್ಲಿನ ಮಣವೂ ಕಾಣುತ್ತದೆ, ಅದು 12.7 ಕೆಜಿ. ಮೈಸೂರಿನ ಕಚ್ಚಾ ಮಣ ರಾತ್ಲಿನಲ್ಲಿ 24.69. ಮೂರೂ ಹತ್ತಿರ ಹತ್ತಿರ ಇರುವುದರಿಂದಲೇ ಅಪಾಯ ಹೆಚ್ಚು. ಮೂರು ಪಟ್ಟು ತಪ್ಪಾದರೆ ನಿಮ್ಮ ತಂದೆಯವರ ಹಾಗೆ ಯಾರಾದರೂ ಹಿಡಿಯುತ್ತಾರೆ. ಹತ್ತು ಮಣಕ್ಕೆ ಹದಿನೈದು ಕೆಜಿ ತಪ್ಪಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಒಂದೊಂದು ನಮೂದಿನ ಎದುರಿಗೂ ಖರೀದಿ ಮಾಡಿದವರು ಯಾವ ಊರಿನವರು ಎಂದು ನೋಡಿ. ಮಂಗಳೂರಿನ ಸಾಹುಕಾರರಿಗೆ ಕೊಟ್ಟ ಮೆಣಸನ್ನು ಚಿಕ್ಕಮಗಳೂರಿನ ಅಂಗಡಿಗೆ ಕೊಟ್ಟ ಮೆಣಸಿನ ಜೊತೆ ಕಣ್ಣು ಮುಚ್ಚಿ ಕೂಡಿಸಬೇಡಿ. ಖಂಡಿ ಎಂಬ ಲೆಕ್ಕ ಬಂದರೆ ಅದು 20 ಮಣ. ಮದರಾಸಿನ ಮಣವಾದರೆ 500 ರಾತ್ಲು, 226.8 ಕೆಜಿ, 28 ರಾತ್ಲಿನ ಮಣವಾದರೆ 560 ರಾತ್ಲು, 254 ಕೆಜಿ.

ಅಂಕಿಯನ್ನು ಓದುವಲ್ಲೇ ಎಡವುವವರು ಬಹಳ ಮಂದಿ, ಅದನ್ನೂ ಹೇಳಿಬಿಡುತ್ತೇನೆ. ಹಳೆಯ ಲೆಕ್ಕಗಳಲ್ಲಿ ಕಾಲು, ಅರೆ, ಮುಕ್ಕಾಲನ್ನು ಅಂಕಿಯ ಪಕ್ಕದಲ್ಲಿ ಉದ್ದಗೆರೆ ಎಳೆದು ಬರೆಯುತ್ತಿದ್ದರು. '3।' ಎಂದರೆ ಮೂರೂಕಾಲು, '3॥' ಎಂದರೆ ಮೂರೂವರೆ, '3॥।' ಎಂದರೆ ಮೂರೂಮುಕ್ಕಾಲು. ಈಗಿನ ಕಣ್ಣಿಗೆ '3।' ಎಂಬುದು 31ರಂತೆ ಕಾಣುತ್ತದೆ. ಮೂರೂಕಾಲು ಮಣ ಮೂವತ್ತೊಂದು ಮಣವಾದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಅದೇ ಪುಟದಲ್ಲಿ ದಿನಾಂಕದ '1'ನ್ನು ಅಜ್ಜ ಹೇಗೆ ಬರೆದಿದ್ದಾರೆ ನೋಡಿ, ಅದಕ್ಕೂ ಗೆರೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಈ ತೊಂದರೆಯೇ ಇಲ್ಲ, ಏಕೆಂದರೆ '೧' ಗುಂಡಗಿರುತ್ತದೆ. ದರ ಗೊತ್ತಿದ್ದು ಹಣವೂ ಗೊತ್ತಿದ್ದರೆ ಭಾಗಿಸಿ ನೋಡುವುದು ಎಲ್ಲಕ್ಕಿಂತ ಭದ್ರವಾದ ಪರೀಕ್ಷೆ.

ಇನ್ನು ನಿಮ್ಮ ಕಾಫಿ. '18-2-10' ಎನ್ನುವುದನ್ನು ತಾರೀಖು ಎಂದುಕೊಂಡವರನ್ನೂ ನಾನು ಬಲ್ಲೆ. ಇದು ಇಂಗ್ಲಿಷರ ಎಸ್ಟೇಟುಗಳಿಂದ ನಮ್ಮ ತೋಟಗಳಿಗೆ ಬಂದ ಬರವಣಿಗೆ: 18 ಹಂಡ್ರೆಡ್‌ವೇಟ್, 2 ಕ್ವಾರ್ಟರ್, 10 ಪೌಂಡ್. ಹಂಡ್ರೆಡ್‌ವೇಟ್ ಎಂಬ ಹೆಸರು ಕೇಳಿ 100 ಪೌಂಡ್ ಎಂದುಕೊಳ್ಳಬೇಡಿ. ಅದು 112 ಪೌಂಡ್, 50.8 ಕೆಜಿ. ಅದರ ಕಾಲು ಭಾಗ ಕ್ವಾರ್ಟರ್, 28 ಪೌಂಡ್. ನಾವು ರಾತ್ಲು ಎನ್ನುವುದೂ ಈ ಪೌಂಡನ್ನೇ, 453.59 ಗ್ರಾಂ, ತೊಲದಲ್ಲಿ 39ಕ್ಕೆ ಸ್ವಲ್ಪ ಕಡಿಮೆ. ಲೆಕ್ಕ ಹೀಗೆ: 18 ಹಂಡ್ರೆಡ್‌ವೇಟಿಗೆ 2,016 ಪೌಂಡ್, ಎರಡು ಕ್ವಾರ್ಟರಿಗೆ 56, ಮೇಲೆ 10. ಒಟ್ಟು 2,082 ಪೌಂಡ್. 0.45359ರಿಂದ ಗುಣಿಸಿದರೆ 944.4 ಕೆಜಿ. ಹಂಡ್ರೆಡ್‌ವೇಟನ್ನು ಈಗಿನ 50 ಕೆಜಿ ಚೀಲಕ್ಕೆ ಸಮ ಎಂದು ಹಿಡಿದರೆ 929 ಕೆಜಿ ಬರುತ್ತದೆ, 15 ಕೆಜಿ ಕಳೆದುಹೋಗುತ್ತದೆ. ಹಾಗೆಯೇ ಆ ಕಾಲದ ಟನ್ 20 ಹಂಡ್ರೆಡ್‌ವೇಟಿನದು, 1,016 ಕೆಜಿ. ಈಗಿನ ಮೆಟ್ರಿಕ್ ಟನ್ 1,000 ಕೆಜಿ. 'ಎಕರೆಗೆ ಇಷ್ಟು ಹಂಡ್ರೆಡ್‌ವೇಟ್' ಎಂದು ಇಳುವರಿ ಬರೆದಿದ್ದರೆ 125.5ರಿಂದ ಗುಣಿಸಿ, ಹೆಕ್ಟೇರಿಗೆ ಎಷ್ಟು ಕೆಜಿ ಎಂಬುದು ಸಿಗುತ್ತದೆ. ಈಗಿನ ತೋಟದ ಇಳುವರಿಯ ಜೊತೆ ಹೋಲಿಸಲು ಇದು ಬೇಕಾಗುತ್ತದೆ.

ಹೋಲಿಸುವ ಮುನ್ನ ಒಂದು ಮಾತು. ತೂಕ ಕೆಜಿಗೆ ಬಂದ ಮಾತ್ರಕ್ಕೆ ಕಾಫಿಯ ಲೆಕ್ಕ ಮುಗಿಯಲಿಲ್ಲ. 944 ಕೆಜಿ ಏನು? ಗಿಡದಿಂದ ಕಿತ್ತ ಹಣ್ಣೇ, ಇಡೀ ಹಣ್ಣನ್ನೇ ಒಣಗಿಸಿದ ಚೆರಿಯೇ, ಸಿಪ್ಪೆ ಬಿಡಿಸಿ ಒಳಪೊರೆಯ ಸಮೇತ ಒಣಗಿಸಿದ ಪಾರ್ಚ್‌ಮೆಂಟೇ, ಕ್ಯೂರಿಂಗ್ ಆಗಿ, ಅಂದರೆ ಆ ಪೊರೆಯೂ ಹೋಗಿ, ಉಳಿದ ಕ್ಲೀನ್ ಕಾಫಿಯೇ? ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ ಬರುವುದು ಬೆಳೆಗಾರರಿಗೆಲ್ಲ ಗೊತ್ತು. ಈಗಲೂ ರೊಬಸ್ಟಾ ಚೆರಿಯನ್ನು ಔಟ್‌ಟರ್ನ್ ನೋಡಿ ಕೊಳ್ಳುತ್ತಾರೆ: 50 ಕೆಜಿ ಚೀಲದಲ್ಲಿ 27 ಕೆಜಿ ಕ್ಲೀನ್ ಕಾಫಿ ಬಂದರೆ ಔಟ್‌ಟರ್ನ್ 27. ಅಜ್ಜನ ಪುಸ್ತಕದಲ್ಲಿ ಕ್ಯೂರಿಂಗ್ ಖರ್ಚು ಕಳೆದು ಬಂದ ಹಣದ ಎದುರು ಈ ತೂಕ ಇದ್ದರೆ ಅದು ಕ್ಲೀನ್ ಕಾಫಿಯ ತೂಕವಿರಬಹುದು. ತೋಟದಿಂದ ಗಾಡಿಗೆ ಹೇರಿದ ದಿನದ ನಮೂದಾದರೆ ಪಾರ್ಚ್‌ಮೆಂಟ್ ಅಥವಾ ಚೆರಿ. ಈ ಒಂದು ಮಾತನ್ನು ಖಚಿತ ಮಾಡಿಕೊಳ್ಳದೆ 'ಅಜ್ಜನ ಕಾಲದಲ್ಲಿ ಇಳುವರಿ ಹೆಚ್ಚಿತ್ತು, ಕಡಿಮೆಯಿತ್ತು' ಎಂದು ಹೇಳಲು ಹೋಗಬೇಡಿ.

ಕಾಫಿಯ ಮಾತು ಬಂದದ್ದರಿಂದ ಇಂದಿನ ಒಂದು ಲೆಕ್ಕವನ್ನೂ ಸೇರಿಸುತ್ತೇನೆ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ನೋಡುವ ನ್ಯೂಯಾರ್ಕ್ ಅರೇಬಿಕಾ ದರ ಪೌಂಡಿಗೆ ಇಷ್ಟು ಸೆಂಟ್ ಎಂದಿರುತ್ತದೆ, ಲಂಡನ್ ರೊಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದಿರುತ್ತದೆ. ಸೆಂಟಿನ ಅಂಕಿಯನ್ನು 22.046ರಿಂದ ಗುಣಿಸಿದರೆ ಅದೂ ಟನ್ನಿಗೆ ಡಾಲರ್ ಆಗುತ್ತದೆ, ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಪೌಂಡಿಗೆ 300 ಸೆಂಟ್ ಎಂದರೆ ಟನ್ನಿಗೆ 6,614 ಡಾಲರ್. ಈ ದರ ಕ್ಲೀನ್ ಕಾಫಿಯದು, ನಮ್ಮ ಚೀಲದಲ್ಲಿರುವ ಪಾರ್ಚ್‌ಮೆಂಟಿನದಲ್ಲ.

ದರವನ್ನು ಬದಲಿಸುವಾಗ ದಾರಿ ತಿರುಗುಮುರುಗಾಗುತ್ತದೆ, ಇಲ್ಲಿ ಓದಿದವರೂ ಎಡವುತ್ತಾರೆ. ತೂಕವನ್ನು ಮಣದಿಂದ ಕೆಜಿಗೆ ತರಲು ಗುಣಿಸಿದಿರಿ. ದರವನ್ನು ತರಲು ಭಾಗಿಸಬೇಕು. ಕಚ್ಚಾ ಮಣಕ್ಕೆ 40 ರೂಪಾಯಿ ಎಂದಿದ್ದರೆ 40ನ್ನು 11.197ರಿಂದ ಭಾಗಿಸಿ, ಕೆಜಿಗೆ 3 ರೂಪಾಯಿ 57 ಪೈಸೆ. ಕ್ವಿಂಟಾಲಿಗೆ 357 ರೂಪಾಯಿ. ಕ್ವಿಂಟಾಲ್ ಎಂದರೆ 100 ಕೆಜಿ, ಸುಮಾರು ಒಂಬತ್ತು ಕಚ್ಚಾ ಮಣ, ಸರಿಯಾಗಿ 8.93. ಎಪಿಎಂಸಿ ದರವೆಲ್ಲ ಈಗ ಕ್ವಿಂಟಾಲಿನಲ್ಲಿ ಇರುವುದರಿಂದ ಈ ಅಂಕಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಹಣದ ಕಡೆಯೂ ನೋಡಿಕೊಳ್ಳಿ. 1957ರ ಏಪ್ರಿಲ್‌ಗೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಮೇಲೆ ನೂರು ನಯಾ ಪೈಸೆ.

ತೂಕ ಬದಲಾದ ತಾರೀಖುಗಳೂ ನಿಮ್ಮ ಪುಸ್ತಕದ ಕೊನೆಯ ವರ್ಷಗಳಿಗೆ ಬಹಳ ಮುಖ್ಯ. ತೂಕ ಮತ್ತು ಅಳತೆಯ ಕಾಯ್ದೆ 1956ರ ಡಿಸೆಂಬರಿನಲ್ಲಿ ಬಂತು. 1958ರ ಅಕ್ಟೋಬರ್ 1ರಿಂದ ಕಿಲೋಗ್ರಾಂ ಹಂತಹಂತವಾಗಿ ಚಾಲ್ತಿಗೆ ಬಂತು. ತೂಕದಲ್ಲಿ ಮೆಟ್ರಿಕ್ ಕಡ್ಡಾಯವಾದದ್ದು 1962ರ ಏಪ್ರಿಲ್‌ನಲ್ಲಿ. ಅಂದರೆ ನಿಮ್ಮ 1958ರಿಂದ 1961ರವರೆಗಿನ ಪುಟಗಳಲ್ಲಿ ಸೇರು, ಕೆಜಿ ಎರಡೂ ಒಂದೇ ಪುಟದಲ್ಲಿ ಬೆರೆತಿರಬಹುದು. ಇದು ತೊಡಕೂ ಹೌದು, ನಿಧಿಯೂ ಹೌದು. ಆ ಕಾಲದಲ್ಲಿ ಗಿರಾಕಿಗೂ ವ್ಯಾಪಾರಿಗೂ ಅನುಮಾನ ಬಾರದಂತೆ ಎರಡೂ ತೂಕವನ್ನು ಬರೆದಿಡುವವರಿದ್ದರು. ಅಂಥ ಒಂದೇ ಒಂದು ಸಾಲು ಸಿಕ್ಕಿದರೂ ನಿಮ್ಮ ಮನೆಯ ಸೇರು ಎಷ್ಟು ಗ್ರಾಂ ಎಂಬುದು ಅಜ್ಜನ ಕೈಬರಹದಲ್ಲೇ ಸಿಕ್ಕಂತೆ. ಮೊದಲು ಈ ಮೂರು ವರ್ಷದ ಪುಟಗಳನ್ನು ಓದಿ, ಆಮೇಲೆ ಹಿಂದಕ್ಕೆ ಹೋಗಿ ಎಂಬುದು ನನ್ನ ಸಲಹೆ.

ಚಿನ್ನದ ಲೆಕ್ಕ ಸುಲಭ, ಏಕೆಂದರೆ ಅಲ್ಲಿ ಸೇರಿನ ಗೊಂದಲ ಇಲ್ಲ. ತೊಲಕ್ಕೆ 12 ಮಾಷ, 96 ಗುಲಗಂಜಿ. ಮಾಷ 0.972 ಗ್ರಾಂ. 12 ತೊಲಕ್ಕೆ 139.97 ಗ್ರಾಂ, 4 ಮಾಷಕ್ಕೆ 3.89 ಗ್ರಾಂ, ಒಟ್ಟು 143.85 ಗ್ರಾಂ. ಈಗ ಎಷ್ಟೋ ಮನೆಗಳಲ್ಲಿ 10 ಗ್ರಾಮನ್ನೇ ತೊಲ ಎನ್ನುತ್ತಾರೆ, ಚಿನ್ನದ ದರವನ್ನು 10 ಗ್ರಾಂಗೆ ಹೇಳುವುದರಿಂದ ಬಂದ ರೂಢಿ. 1940ರ ತೊಲಕ್ಕೆ ಅದನ್ನು ಹಚ್ಚಿದರೆ ನಿಮ್ಮ ಸೋದರತ್ತೆಯ ಚಿನ್ನದಲ್ಲಿ 20 ಗ್ರಾಮಿಗೂ ಹೆಚ್ಚು ಕಾಣೆಯಾಗುತ್ತದೆ. ಮನೆಯೊಳಗೆ ಮನಸ್ತಾಪಕ್ಕೆ ಅಷ್ಟು ಸಾಕು, ಹಾಗಾಗಿ ಈ ಅಂಕಿಯನ್ನು ಸ್ಪಷ್ಟವಾಗಿ ಬರೆದಿಡಿ. ಪವನ್ ಎಂದು ಬರೆದಿದ್ದರೆ ಅದು ಬೇರೆ, ಸುಮಾರು 8 ಗ್ರಾಂ. ಇಂಗ್ಲಿಷ್ ಸವರನ್ ನಾಣ್ಯದ ತೂಕ 7.988 ಗ್ರಾಂ, ಅದೂ 22 ಕ್ಯಾರೆಟ್ಟಿನದು.

ಉಳಿದದ್ದು ನಿಮ್ಮ 12 ಖಂಡುಗ ಭತ್ತ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಖಂಡುಗ ತೂಕವೇ ಅಲ್ಲ, ಅಳತೆ. ತಕ್ಕಡಿಗೆ ಹಾಕಿದ್ದಲ್ಲ, ಕೊಳಗದಲ್ಲಿ ಅಳೆದದ್ದು. ಖಂಡುಗ, ಕೊಳಗ, ಬಳ್ಳ, ಪಾವು ಇವೆಲ್ಲ ಪಾತ್ರೆಯ ಲೆಕ್ಕ. ಹಾಸನ, ಚಿಕ್ಕಮಗಳೂರು ಸೀಮೆಯ ಹೊಯ್ಸಳರ ಕಾಲದ ಶಾಸನಗಳಲ್ಲೂ ದೇವಸ್ಥಾನಕ್ಕೆ ಬಿಟ್ಟ ಭತ್ತವನ್ನು ಖಂಡುಗ, ಕೊಳಗದಲ್ಲೇ ಹೇಳಿರುವುದು. ಸೇರು ಎಂಬ ಹೆಸರು ಮಾತ್ರ ಎರಡೂ ಕಡೆ ಇದೆ: ತೂಗುವ ಸೇರೂ ಇದೆ, ಅಳೆಯುವ ಸೇರೂ ಇದೆ. 'ಎರಡು ಸೇರು ಬೆಲ್ಲ' ಎಂದರೆ ತೂಗಿದ್ದು, 'ಎರಡು ಸೇರು ರಾಗಿ' ಎಂದರೆ ಅಳೆದದ್ದು. ಪಲ್ಲ ಎಂದು ಬಂದರೆ ಅಳೆಯುವ ಸೇರಿನಲ್ಲಿ ನೂರು.

ಅಳತೆಯನ್ನು ಕೆಜಿಗೆ ತರಲು ಯಾವ ಕೋಷ್ಟಕವೂ ಸಾಲದು, ಏಕೆಂದರೆ ಪಾತ್ರೆಯಲ್ಲಿ ಏನಿದೆ ಎಂಬುದರ ಮೇಲೆ ತೂಕ ಬದಲಾಗುತ್ತದೆ. ಒಂದು ಲೀಟರ್ ಡಬ್ಬಿಯಲ್ಲಿ ಅಕ್ಕಿ ತುಂಬಿದರೆ ಸುಮಾರು 800 ಗ್ರಾಂ ತೂಗುತ್ತದೆ, ರಾಗಿ ಮುಕ್ಕಾಲು ಕೆಜಿಯ ಆಸುಪಾಸು. ಅದೇ ಡಬ್ಬಿಗೆ ಭತ್ತ ಹಾಕಿದರೆ 550ರಿಂದ 600 ಗ್ರಾಂ, ಹೊಟ್ಟಿನ ನಡುವೆ ಗಾಳಿ ಹೆಚ್ಚು. ಮಳೆಗಾಲದ ಭತ್ತ ಬೇರೆ, ಸುಗ್ಗಿಯಲ್ಲಿ ಒಣಗಿದ ಭತ್ತ ಬೇರೆ. ತಲೆ ತುಂಬಿ ರಾಶಿ ಮಾಡಿ ಅಳೆದದ್ದಕ್ಕೂ, ಕೋಲಿನಿಂದ ಸಮಕ್ಕೆ ಗೀರಿ ಅಳೆದದ್ದಕ್ಕೂ ಅಂತರ ಇನ್ನೂ ಹೆಚ್ಚು. ಗೇಣಿ ಕೊಡುವವನು ಗೀರಿ ಅಳೆಯಲು ನೋಡುತ್ತಿದ್ದ, ತೆಗೆದುಕೊಳ್ಳುವವನು ತಲೆ ತುಂಬಿಸಲು ನೋಡುತ್ತಿದ್ದ. ಆ ಎರಡರ ನಡುವೆ ಬಡವರ ಮನೆಯ ಊಟ ಎಷ್ಟೋ ಸಲ ಹೋಗಿದೆ. ಸರ್ಕಾರ ಧಾನ್ಯವನ್ನು ಅಳತೆಯಿಂದ ತೂಕಕ್ಕೆ ತಂದದ್ದರಲ್ಲಿ ನನಗೆ ಬಹಳ ದೊಡ್ಡ ನ್ಯಾಯ ಕಾಣುವುದು ಈ ಕಾರಣಕ್ಕೆ.

ಖಂಡುಗವನ್ನು ಕೆಜಿಗೆ ತರುವ ಮೊದಲು ಒಂದು ಸಂಗತಿ ಖಚಿತ ಮಾಡಿಕೊಳ್ಳಿ: ನಮೂದಿನಲ್ಲಿ '12 ಖಂಡುಗ ಭತ್ತ' ಎಂದಿದೆಯೇ, '12 ಖಂಡುಗ ಗದ್ದೆ' ಎಂದಿದೆಯೇ? ಗದ್ದೆ ಎಂದಿದ್ದರೆ ಅದು ಅಷ್ಟು ಬೀಜ ಹಿಡಿಯುವ ಜಮೀನಿನ ವಿಸ್ತೀರ್ಣ. ಅದನ್ನು ಕೆಜಿಗೆ ತರುವ ಮಾತೇ ಬರುವುದಿಲ್ಲ.

ಭತ್ತವೇ ಆಗಿದ್ದರೆ ನಿಮ್ಮ ಮನೆಯ ಅಥವಾ ಊರಿನ ಹಳೇ ಕೊಳಗವನ್ನು ಹುಡುಕಿ. ಖಂಡುಗಕ್ಕೆ 20 ಕೊಳಗ, ಹಾಗಾಗಿ 12 ಖಂಡುಗಕ್ಕೆ 240 ಕೊಳಗ. ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದ ಊರಿಗೆ ಬೇರೆ ಇತ್ತು, ಆದ್ದರಿಂದ ಪಕ್ಕದ ತಾಲ್ಲೂಕಿನ ಕೊಳಗ ನಿಮಗೆ ಬೇಡ. ಸಿಕ್ಕಿದ ಕೊಳಗಕ್ಕೆ ಚೆನ್ನಾಗಿ ಒಣಗಿದ ಭತ್ತವನ್ನು ಗೀರಿ ತುಂಬಿ ಒಂದು ಸಲ ತೂಗಿ, ತಲೆ ತುಂಬಿ ಇನ್ನೊಂದು ಸಲ ತೂಗಿ. ಎರಡನ್ನೂ ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ. ಉದಾಹರಣೆಗೆ ಗೀರಿದ್ದು 6 ಕೆಜಿ, ತಲೆ ತುಂಬಿದ್ದು 7 ಕೆಜಿ ಬಂತು ಎನ್ನಿ. ಆಗ ಗೇಣಿ 1,440ರಿಂದ 1,680 ಕೆಜಿಯ ನಡುವೆ. ಅದನ್ನು ಹಾಗೆಯೇ 'ಇಷ್ಟರಿಂದ ಇಷ್ಟು' ಎಂದು ಬರೆಯಿರಿ. ಅಳತೆಯ ಲೆಕ್ಕಕ್ಕೆ ದಶಾಂಶದ ಮುಂದೆ ಮೂರು ಅಂಕಿ ಬರೆಯುವುದು ಸುಳ್ಳು ನಿಖರತೆ.

ಕೊನೆಯದಾಗಿ, ಇದನ್ನು ಬರೆದಿಡುವ ಕ್ರಮ. ಎಷ್ಟೇ ಗುಣಿಸಿ ಭಾಗಿಸಿದರೂ ನಡುವೆ ಎಲ್ಲೂ ಅಂಕಿಯನ್ನು ಮೊಟಕು ಮಾಡಬೇಡಿ, ಕೊನೆಯಲ್ಲಿ ಒಂದೇ ಸಲ ಮಾಡಿ. ರೈಲ್ವೆ ಮಣವನ್ನು 37.3242ರ ಬದಲು 37 ಎಂದು ಹಿಡಿದರೆ 250 ಮಣಕ್ಕೆ 81 ಕೆಜಿ ಕಡಿಮೆಯಾಗುತ್ತದೆ. ಅಜ್ಜ ಬರೆದ ಅಂಕಿಯನ್ನು ಅಳಿಸದೆ ಒಂದು ಕಾಲಂನಲ್ಲಿ ಇದ್ದ ಹಾಗೇ ನಕಲು ಮಾಡಿ, ಪಕ್ಕದ ಕಾಲಂನಲ್ಲಿ ಕೆಜಿ ಬರೆಯಿರಿ. ಮೂರನೆಯ ಕಾಲಂನಲ್ಲಿ ಯಾವ ಸೇರು ಹಿಡಿದಿರಿ ಎಂಬುದನ್ನು '24 ತೊಲ, ಅಟ್ಟದ ಕಲ್ಲು ತೂಗಿದ್ದು' ಎಂಬಂತೆ ನಮೂದಿಸಿ. ವಿಭಾಗಪತ್ರ, ದೇವಸ್ಥಾನಕ್ಕೆ ವರ್ಷಾವರ್ಷ ಕೊಡುವ ಧಾನ್ಯದ ಪತ್ರ ಇಂಥವು ಇದ್ದರಂತೂ ಮೂಲದ ಮಾತನ್ನು ಒಂದಕ್ಷರವೂ ಬದಲಿಸಬೇಡಿ. ವ್ಯಾಪಾರಕ್ಕೆ ಮಾತ್ರ ಈ ಹಳೆಯ ತೂಕ ಈಗ ನಡೆಯುವುದಿಲ್ಲ: 2011ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯ ಪ್ರಕಾರ ದರ ಹೇಳುವುದು, ಬಿಲ್ ಬರೆಯುವುದು ಎಲ್ಲವೂ ಮೆಟ್ರಿಕ್‌ನಲ್ಲೇ ಆಗಬೇಕು. ನಿಮ್ಮ ಮನೆಯ ಚರಿತ್ರೆಯ ಕಾಲಂಗೆ ಆ ನಿರ್ಬಂಧ ಇಲ್ಲ. ಕಲ್ಲೋ ಕೊಳಗವೋ ಸಿಕ್ಕಿ ತೂಗಿ ನೋಡಿದ ಮೇಲೆ 24 ತೊಲಕ್ಕೆ ಹೊಂದದ ಅಂಕಿ ಬಂದರೆ ಆ ಅಂಕಿಯನ್ನೂ, ಕೂಡುಲೆಕ್ಕ ಇರುವ ಎರಡು ಪುಟಗಳ ಫೋಟೋವನ್ನೂ ಕಳಿಸಿ, ಯಾವ ಸೇರು ಎಂಬುದನ್ನು ಸೇರಿ ಹುಡುಕೋಣ.